ಓರಗಿತ್ತಿಯ ಸ್ಕ್ಯಾನಿಂಗು

ಮಕ್ಕಳನ್ನು ಕಳೆದುಕೊಂಡವಳ ಮೇಲೆ ಮಕ್ಕಳಿದ್ದವಳು ಹೊಟ್ಟೆಕಿಚ್ಚು ಪಡುತ್ತಾಳೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಜುಂಜಮ್ಮ ಪಟ್ಟಳು. ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಸಿರಾ ಕಡೆಯ ಕುರಿ ಸಾಕುವ ಮನೆಯಿಂದ ಅವಳು ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಹಟ್ಟಿಗೆ ಕಿರಿಸೊಸೆಯಾಗಿ ಬಂದದ್ದು ಎಪ್ಪತ್ತೆಂಟರಲ್ಲಿ. ಗಂಡ ಹುಚ್ಚಣ್ಣ ವರ್ಷದಲ್ಲಿ ಅರ್ಧ ಕಾಲ ಕುರಿಗಳ ಹಿಂದೆಯೇ ಇರುತ್ತಿದ್ದ. ಹಟ್ಟಿಯ ಪದ್ಧತಿಯಂತೆ ಊರಾಚೆಯ ಬಾಣಂತಿ ಗುಡಿಸಲಲ್ಲಿ ಅವಳು ಎರಡು ಗಂಡುಮಕ್ಕಳನ್ನು ಹೆತ್ತಳು. ಎರಡನೆಯವನ ನೋವು ಬಂದಾಗ ಹೊಲದಲ್ಲಿ ಕಡ್ಲೆಕಾಯಿ ಕೀಳುತ್ತಿದ್ದಳು. ಅತ್ತೆ ಪೆದ್ದಮ್ಮ ಆ ಸಂಜೆ ಬಂದು, "ಉಳಿದಿರೋ ಸಾಲು ಯಾರು ಕೀಳ್ತಾರೆ?" ಎಂದು ಕೇಳಿದ್ದಳು. ಜುಂಜಮ್ಮ ಅದನ್ನು ಮರೆತಿರಲಿಲ್ಲ.

ಹಿರಿಸೊಸೆ ಹೊನ್ನಕ್ಕನ ಪಾಡು ಬೇರೆ. ಅವಳ ಚೊಚ್ಚಲ ಕೂಸಿನ ಬೆನ್ನು ಸೊಂಟದ ಹತ್ತಿರ ತೆರೆದುಕೊಂಡಿತ್ತು. ಅಲ್ಲಿ ನೀರು ತುಂಬಿದ ತೆಳ್ಳನೆಯ ಗುಳ್ಳೆ. ಕಾಲುಗಳು ಅಲ್ಲಾಡಲಿಲ್ಲ. ಕೂಸು ವಾರ ತುಂಬುವ ಮೊದಲೇ ಹೋಯಿತು. ಎರಡನೆಯದೂ ಹಾಗೇ ಹುಟ್ಟಿ ಅಳಲೇ ಇಲ್ಲ. ಅಲ್ಲಿಂದ ಮುಂದೆ ಮನೆಯವರೆಲ್ಲ ಅವಳೆದುರು ದನಿ ಇಳಿಸಿ ಮಾತಾಡತೊಡಗಿದರು. ಕರೆದ ಹಾಲಿನಲ್ಲಿ ಮೊದಲ ಲೋಟ ಅವಳಿಗೆ. ಗಂಡ ಮುದ್ದಪ್ಪನಂತೂ ಅವಳ ಸೊಂಟದ ಮೇಲಿನ ಕೊಡವನ್ನು ಇಸಿದುಕೊಂಡು ತಾನೇ ನೀರು ತರುತ್ತಿದ್ದ. ಹಟ್ಟಿಯಲ್ಲಿ ಯಾವ ಗಂಡಸೂ ಮಾಡದ ಕೆಲಸ ಅದು. ಜುಂಜಮ್ಮ ಎರಡು ಕೊಡ ಹೊತ್ತು ಅವನ ಹಿಂದೆಯೇ ಬರುತ್ತಿದ್ದಳು. 'ನಾನು ಗಟ್ಟಿಯಾಗಿ ಹೆತ್ತದ್ದೇ ತಪ್ಪಾಯಿತು' ಎಂದುಕೊಳ್ಳುತ್ತಿದ್ದಳು.

ಎಂಬತ್ತೈದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಸುರಾದರು. ಮಧುಗಿರಿಯಲ್ಲಿ ನಾಗರತ್ನಮ್ಮ ಎಂಬ ಲೇಡಿ ಡಾಕ್ಟರ್ ಇದ್ದರು. ಅವರು ಹೊನ್ನಕ್ಕನನ್ನು ನೋಡಿ, ನಾಲ್ಕೂವರೆ ತಿಂಗಳಿಗೆ ಬೆಂಗಳೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಲೇಬೇಕು ಎಂದರು. ಹೊಟ್ಟೆಯ ಮೇಲೆ ಒಂದು ಉಪಕರಣ ಇಟ್ಟರೆ ಒಳಗಿನ ಕೂಸು ಟಿವಿಯಲ್ಲಿ ಕಾಣುತ್ತದೆ, ಬೆನ್ನುಮೂಳೆ ಕೂಡಿದೆಯೋ ಇಲ್ಲವೋ ಮೊದಲೇ ತಿಳಿಯುತ್ತದೆ, ನೋವೇನೂ ಇಲ್ಲ ಎಂದು ಬಿಡಿಸಿ ಹೇಳಿದರು.

ಸುದ್ದಿ ಹಟ್ಟಿಯನ್ನೆಲ್ಲ ಸುತ್ತಿತು. ಹೆಂಗಸರು ಹೊನ್ನಕ್ಕನ ಜಗಲಿಗೆ ಬಂದು ಕೂತು ಅದನ್ನೇ ಮತ್ತೆ ಮತ್ತೆ ಕೇಳಿದರು. ಜುಂಜಮ್ಮನ ಹೊಟ್ಟೆಯೂ ಅಷ್ಟೇ ಮುಂದೆ ಬಂದಿತ್ತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

"ನನ್ನೂ ಕರ್ಕೊಂಡ್ ಹೋಗು, ನಂದೂ ತೋರ್ಸು," ಎಂದು ಗಂಡನಿಗೆ ಹೇಳಿದಳು.

"ನಿಂಗೇನಾಗೈತೆ? ಕಲ್ಗುಂಡಿನಂಗಿದೀಯ," ಎಂದು ಹುಚ್ಚಣ್ಣ ಕಂಬಳಿ ಕೊಡವಿ ಎದ್ದು ಹೋದ.

ಹೊನ್ನಕ್ಕನ ಜೊತೆಗೆ ಹೆಣ್ಣುದಿಕ್ಕು ಯಾರಾದರೂ ಹೋಗಬೇಕಿತ್ತು. ಪೆದ್ದಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಜುಂಜಮ್ಮ ತಾನೇ ಮುಂದೆ ಬಿದ್ದು, "ನಾನು ಹೋಯ್ತೀನಿ ಬುಡಿ ಅತ್ತೆ," ಎಂದಳು. ಅತ್ತೆ ಅವಳ ತಲೆ ಸವರಿ, ಎಷ್ಟು ಒಳ್ಳೆಯ ಮನಸ್ಸು ಎಂದಳು. ಜುಂಜಮ್ಮನಿಗೆ ಇದ್ದದ್ದು ಒಂದೇ ಆಸೆ. ಹೊನ್ನಕ್ಕ ಒಬ್ಬಳೇ ಆ ಮಿಷನ್ನು ನೋಡಿ ಬರಬಾರದು.

ಕೊರಟಗೆರೆಯಿಂದ ಬಸ್ಸು. ಬೆಂಗಳೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಒಂದಕ್ಕೆ ಹೋಗದೆ ಕೂತಿರಬೇಕು, ಆಗಲೇ ಕೂಸು ಸರಿಯಾಗಿ ಕಾಣುವುದು ಎಂದರು. ಮುದ್ದಪ್ಪ ಲೋಟದ ಮೇಲೆ ಲೋಟ ತುಂಬಿ ಹೆಂಡತಿಗೆ ಕುಡಿಸಿದ. ಜುಂಜಮ್ಮನಿಗೂ ಬಾಯಾರಿತ್ತು. ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಎದ್ದು ಹೋಗಿ ಅಷ್ಟೇ ನೀರು ಕುಡಿದು ಬಂದು ಕೂತಳು.

ಒಳಗೆ ಮಬ್ಬುಗತ್ತಲು. ಕನ್ನಡಕದ ಡಾಕ್ಟರಮ್ಮ ಹೊನ್ನಕ್ಕನ ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ ಉಪಕರಣ ಆಡಿಸಿದರು. ಪರದೆಯ ಮೇಲೆ ಬೂದಿ ಕಲಸಿದಂತೆ ಏನೇನೋ ಕಂಡಿತು. ಆಮೇಲೆ ಅವರು, "ಇಲ್ನೋಡಮ್ಮ, ಎದೆ ಬಡ್ಕೋತಿದೆ," ಎಂದು ಬೆರಳಿಟ್ಟು ತೋರಿಸಿದರು. ಮಿಣಮಿಣ ಎನ್ನುವ ಚುಕ್ಕಿ. ಹೊನ್ನಕ್ಕನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಗೋಡೆಗೆ ಒರಗಿ ನಿಂತಿದ್ದ ಜುಂಜಮ್ಮನ ಕಣ್ಣು ಉರಿಯಿತು. ಹುಟ್ಟುವ ಮೊದಲೇ ಕೂಸಿನ ಮುಖ ನೋಡುವ ಭಾಗ್ಯವೂ ಇವಳಿಗೇ.

ಡಾಕ್ಟರಮ್ಮ ಉಪಕರಣವನ್ನು ಕೆಳಕ್ಕೆ ಜಾರಿಸಿದರು. ಒಂದೇ ಜಾಗದ ಮೇಲೆ ಉಪಕರಣವನ್ನು ಒತ್ತಿ ಒತ್ತಿ ನೋಡಿದರು. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮುದ್ದಪ್ಪನನ್ನು ಒಳಗೆ ಕರೆಸಿದರು. ಬೆನ್ನುಮೂಳೆ ಎರಡು ಸಾಲು ಮಣಿ ಪೋಣಿಸಿದ ಹಾಗೆ ಕಾಣಬೇಕು, ಕೆಳಗೆ ಹೋಗುತ್ತಾ ಸಾಲುಗಳು ಹತ್ತಿರವಾಗಬೇಕು, ಈ ಕೂಸಿನಲ್ಲಿ ಅವು ಅಗಲಿಕೊಂಡಿವೆ, ತಲೆಯಲ್ಲೂ ನೀರು ತುಂಬಿದೆ ಎಂದರು. ಬಸುರನ್ನು ಮುಂದುವರಿಸಬಹುದು, ಬೇಡವಾದರೆ ತೆಗೆಸುವುದಕ್ಕೆ ಕಾನೂನಿನಲ್ಲಿ ಇನ್ನೂ ಸಮಯವಿದೆ, ನೀವೇ ಯೋಚಿಸಿ ಎಂದರು.

ಹೊನ್ನಕ್ಕನೇ ಮಾತಾಡಿದಳು.

"ಎರಡು ಸಲ ತಿಂಗಳು ತುಂಬಿಸಿ ಮಣ್ಣಿಗೆ ಹಾಕಿವ್ನಿ. ಇನ್ನೊಂದು ಸಲ ಆಗಾಕಿಲ್ಲ ನನ್ ಕೈಲಿ."

ಡಾಕ್ಟರಮ್ಮನ ಕಣ್ಣು ಆಗ ಜುಂಜಮ್ಮನ ಹೊಟ್ಟೆಯ ಮೇಲೆ ಬಿತ್ತು. "ನಿಮ್ಗೆಷ್ಟು ತಿಂಗಳು? ಬಂದಿದ್ದೀರಲ್ಲ, ನಿಮ್ದೂ ನೋಡ್ಬಿಡ್ತೀನಿ."

ಅಷ್ಟು ದಿನ ಹಂಬಲಿಸಿದ್ದು ಕೈಗೆ ಬಂದಾಗ ಅವಳಿಗೆ ಬೇಡವಾಯಿತು. ತಲೆಯಾಡಿಸಿ ಹಿಂದೆ ಸರಿದಳು.

"ಮಲಕ್ಕಳೆ ಜುಂಜಿ," ಎಂದಳು ಹೊನ್ನಕ್ಕ. "ತಿಳಿದ್ರೆ ಒಳ್ಳೇದು."

ಹೊನ್ನಕ್ಕ, ಮುದ್ದಪ್ಪ ಹೊರಗೆ ಹೋದ ಮೇಲೆ ಜುಂಜಮ್ಮ ಮಲಗಿದಳು. ಎರಡು ಸಾಲು ಮಣಿ ಕೆಳಗೆ ಹೋಗುತ್ತಾ ನೀಟಾಗಿ ಕೂಡಿಕೊಂಡಿದ್ದವು. "ಇದು ಚೆನ್ನಾಗಿದೆ," ಎಂದರು ಡಾಕ್ಟರಮ್ಮ, ಬಾಗಿಲಾಚೆ ಕೇಳಿಸದ ಹಾಗೆ. ಅವಳು ಕಣ್ತುಂಬ ನೋಡಿದಳು. ಖುಷಿಯಾಯಿತು. ಇಂಥ ಹೊತ್ತಿನಲ್ಲೂ ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹೊರಗೆ ಬಂದಾಗ ಹೊನ್ನಕ್ಕ, "ಏನಂದ್ರು?" ಎಂದಳು.

"ಚೆನ್ನಾಗೈತಂತೆ."

ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ತಿರುಗಿದಳು. ಮಾರನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ಅವಳ ಬಸುರು ಇಳಿಸಿದರು.

ಹಟ್ಟಿಗೆ ಮರಳಿದ ಮೇಲೆ ಕಿಚ್ಚು ಕಡೆ ಬದಲಿಸಿತು. ಜುಂಜಮ್ಮ ಒಲೆಯ ಹತ್ತಿರ ಬಂದರೆ ಹೊನ್ನಕ್ಕ ಎದ್ದು ಕುರಿರೊಪ್ಪಕ್ಕೆ ಹೋಗುತ್ತಿದ್ದಳು. ತಿಂಗಳು ತುಂಬಿ ಜುಂಜಮ್ಮ ಹೆಣ್ಣುಮಗು ಹೆತ್ತಳು. ಗುಡಿಸಲಿಗೆ ಎಲ್ಲರೂ ಬಂದು ಹೋದರು, ಹೊನ್ನಕ್ಕ ಬರಲಿಲ್ಲ. ಮನೆ ಸೇರಿದ ಮೇಲೂ ಕೂಸಿನ ಕಡೆ ಕಣ್ಣೆತ್ತಿ ನೋಡಲಿಲ್ಲ.

"ಇವಳ್ದೇನು ಕೆಟ್ಟ ಮನಸು," ಎಂದು ಪೆದ್ದಮ್ಮ ಗೊಣಗಿದಾಗ ಜುಂಜಮ್ಮ ತಡೆದಳು.

"ಬೈಬ್ಯಾಡಿ ಅತ್ತೆ. ಅದು ಹೆಂಗಿರ್ತದೆ ಅಂತ ನಂಗೊತ್ತು. ಬೈದ್ರೆ ಹೋಗಾಕಿಲ್ಲ."

ಒಂದು ಮಧ್ಯಾಹ್ನ ಬಾವಿಯ ಹತ್ತಿರ ಇಬ್ಬರೇ ಎದುರಾದರು. ಕೂಸು ಜುಂಜಮ್ಮನ ಸೊಂಟದ ಮೇಲಿತ್ತು. ಹೊನ್ನಕ್ಕ ಕೊಡ, ಹಗ್ಗ ಹಿಡಿದವಳು ಅಲ್ಲೇ ನಿಂತಳು.

"ನಿನ್ ಕೂಸ್ನ ಕಂಡ್ರೆ ನನ್ ಕೈಲಿ ತಡಿಯಾಕಾಗಲ್ಲ ಕಣೆ. ದೇವ್ರು ಮೆಚ್ಚಾಕಿಲ್ಲ, ಆದ್ರೂ ಅಂಗೇ."

"ಗೊತ್ತು ಕಣಕ್ಕ. ನಂಗೂ ಹಿಂದೆ ನಿನ್ ಕಂಡ್ರೆ ಅಂಗೇ ಆಗ್ತಿತ್ತು."

"ನನ್ ಕಂಡ್ರಾ? ನನ್ನತ್ರ ಏನಿತ್ತೆ?"

"ಭಾವ ನೀರು ಹೊರ್ತಿದ್ರು. ಅತ್ತೆ ಹಾಲು ಕೊಡ್ತಿದ್ರು. ಬೆಂಗಳೂರಿಗೆ ಕರ್ಕೊಂಡ್ ಹೋಯ್ತಾರೆ ಅಂದಾಗಂತೂ ಮೈ ಉರ್ದೋಯ್ತು. ಅದುಕ್ಕೇ ಜೊತೆಗೆ ಬಂದಿದ್ದು."

ಹೊನ್ನಕ್ಕ ಅವಳನ್ನೇ ದಿಟ್ಟಿಸಿದಳು. "ಎರಡು ಕೂಸು ಮಣ್ಣಿಗಾಕ್ದೋಳ್ ಮ್ಯಾಲೆ ಒಂದು ಲೋಟ ಹಾಲಿಗೆ ಹೊಟ್ಟೆ ಉರ್ಕಂಡ್ಯಾ?"

"ಹೂಂ."

ಹೊನ್ನಕ್ಕನಿಗೆ ಮೊದಲು ಸಿಟ್ಟು ಬಂತು. ಕೊಡ ಕೆಳಗಿಟ್ಟಳು. ಆಮೇಲೆ ಅದೇನಾಯಿತೋ, ಬಾವಿಕಟ್ಟೆಯ ಮೇಲೆ ಕೂತು ನಗತೊಡಗಿದಳು. ನಗುತ್ತಾ ನಗುತ್ತಾ ಅತ್ತಳು. ಕೂಸನ್ನು ಅವತ್ತೂ ಎತ್ತಿಕೊಳ್ಳಲಿಲ್ಲ. ಆದರೆ ಆ ರಾತ್ರಿ ಜುಂಜಮ್ಮನ ಪಕ್ಕದಲ್ಲೇ ಕೂತು ಉಂಡಳು.

ಮುಂದಿನ ಬಸುರಿಗೆ ಮೊದಲೇ ನಾಗರತ್ನಮ್ಮ ಹೊನ್ನಕ್ಕನಿಗೆ ಕೂಸಿನ ಬೆನ್ನುಮೂಳೆ ಕೂಡಲೆಂದು ವಿಟಮಿನ್ ಮಾತ್ರೆ ಶುರು ಮಾಡಿಸಿದ್ದರು. ಎಂಬತ್ತೆಂಟರಲ್ಲಿ ಮತ್ತೆ ಬೆಂಗಳೂರಿನ ಪ್ರಯಾಣ. ಹೊನ್ನಕ್ಕ ಅತ್ತೆಗೆ, "ಜುಂಜಿ ಬಂದ್ರೆ ಮಾತ್ರ ಹೋಯ್ತೀನಿ," ಎಂದಳು. ಈ ಸಲ ಡಾಕ್ಟರಮ್ಮ ಪರದೆ ತಿರುಗಿಸಿಕೊಳ್ಳಲಿಲ್ಲ.

ಗುಡಿಸಲು ಬೇಡ ಎಂದು ಮುದ್ದಪ್ಪ ಹಟ್ಟಿಯವರನ್ನು ಎದುರು ಹಾಕಿಕೊಂಡು ಹೆಂಡತಿಯನ್ನು ಮಧುಗಿರಿಯ ಆಸ್ಪತ್ರೆಗೆ ಸೇರಿಸಿದ. ಗಂಡುಮಗು. ನರ್ಸು ಮೊದಲು ಅದನ್ನು ಕೊಟ್ಟದ್ದು ಜುಂಜಮ್ಮನ ಕೈಗೆ. ಅವಳು ಬೆನ್ನ ಮೇಲೆ ಅಂಗೈ ಆಡಿಸಿ ನೋಡಿದಳು, ನುಣ್ಣಗಿತ್ತು. ಕಬ್ಬಿಣದ ಮಂಚದ ಮೇಲೆ, ಬಿಳಿ ಹಾಸಿಗೆಯಲ್ಲಿ, ಗಂಡ ಸುಲಿದು ಕೊಟ್ಟ ಕಿತ್ತಳೆ ತಿನ್ನುತ್ತಿದ್ದ ಹೊನ್ನಕ್ಕನನ್ನು ಕಂಡು ಜುಂಜಮ್ಮನಿಗೆ ಒಳಗೆಲ್ಲೋ ಚುರುಕ್ ಎಂದಿತು. ತನ್ನ ಮೂರು ಹೆರಿಗೆಯಲ್ಲಿ ಇದ್ಯಾವುದೂ ಇರಲಿಲ್ಲ. ಅದನ್ನು ಅವಳು ಅಲ್ಲಗಳೆಯಲಿಲ್ಲ, ಬಾಯಿಬಿಟ್ಟು ಆಡಲೂ ಇಲ್ಲ. ಹೊನ್ನಕ್ಕನ ಕೈಗೆ ಕೂಸನ್ನು ಕೊಟ್ಟು, ಬಿಸಿನೀರು ತರಲು ಹೋದಳು.