ನಡುವೆ ಬಾಯಿ ಹಾಕದ ಭಾನುವಾರ

ಪಕ್ಕದ ಕೋಣೆಯಿಂದ ಟಿಣ್ ಅಂತ ಒಂದು ಸದ್ದು ಬರುತ್ತದೆ, ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ. ನನ್ನ ತಮ್ಮನ ಮಗಳು ತುಲಿಯ ಕಂಪ್ಯೂಟರ್ ಆಟದ ಗುಂಪಿಗೆ ಇನ್ನೊಬ್ಬರು ಬಂದು ಸೇರಿದರು ಎಂದು ಅದರ ಅರ್ಥ. ಐದು ಸಲ ಟಿಣ್ ಆದ ಮೇಲೆ ಗದ್ದಲ ಶುರು. ಒಬ್ಬಳು ಹಿಂದಿಯಲ್ಲಿ, ಇಬ್ಬರು ಬಂಗಾಳಿಯಲ್ಲಿ, ಒಬ್ಬ ಇಂಗ್ಲಿಷಿನಲ್ಲಿ, ನಮ್ಮ ತುಲಿ ಎಲ್ಲದರಲ್ಲೂ. ಕಲ್ಕತ್ತೆಯ ಕಸ್ಬಾದ ಈ ಮೂರನೇ ಮಹಡಿಯ ಮನೆಯಲ್ಲಿ ಭಾನುವಾರ ಊಟ ಮುಗಿಸಿ ಒಂದು ಗಳಿಗೆ ಕಣ್ಣು ಮುಚ್ಚೋಣ ಎಂದರೆ ಆಗುವ ಮಾತಲ್ಲ.

"ಒಬ್ಬೊಬ್ರಾಗಿ ಮಾತಾಡ್ರೀ!" ಎಂದು ಇವತ್ತು ಮಲಗಿದಲ್ಲಿಂದಲೇ ಕೂಗಿದೆ.

"ಜೇಠು! ನೀವು ಬೈದಿದ್ದು ಐದು ಮನೆಗೂ ಕೇಳಿಸ್ತು!"

ಅವಳು ನನ್ನನ್ನು ದೊಡ್ಡಪ್ಪ ಅನ್ನುವುದಿಲ್ಲ. ಇಲ್ಲಿಯ ಮಕ್ಕಳ ಹಾಗೆ ಜೇಠು ಅನ್ನುತ್ತಾಳೆ. ಅವಳಪ್ಪ ಮಲ್ಲಿಕಾರ್ಜುನ, ನಮ್ಮ ಮಲ್ಲು, ಹೋಗಿ ಮೊನ್ನೆಗೆ ಒಂದು ವರ್ಷವಾಯಿತು. ಎದೆ ಹಿಡಿದಂಗಾಗೈತಿ ಅಂದ. ಟ್ಯಾಕ್ಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲಿಂದ ತುಲಿ ಮತ್ತು ಅವಳ ತಾಯಿ ಸುಮಾ ನಮ್ಮ ಜೊತೆಗೇ ಇದ್ದಾರೆ. ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿ ರೈಲ್ವೆ ಸೇರಿದವನು. ದುಃಖದ ಬಗ್ಗೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಆದರೆ ಅವನು ಗೆದ್ದ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಅದನ್ನು ಬರೆಯಬಲ್ಲೆ.

ಮಲ್ಲು ನನಗಿಂತ ಹದಿಮೂರು ವರ್ಷ ಚಿಕ್ಕವನು. ಚಿಕ್ಕಂದಿನಿಂದ ಅವನಿಗೆ ಮಾತು ತೊದಲುತ್ತಿತ್ತು. ತೊದಲುವ ಮಗುವಿಗೆ ಮಲ್ಲಿಕಾರ್ಜುನ ಎಂದು ಒತ್ತಕ್ಷರಗಳ ಹೆಸರಿಟ್ಟಿದ್ದು ನಮ್ಮ ಅಜ್ಜ. ಶಾಲೆಗೆ ಸೇರಿಸಲು ಕರೆದೊಯ್ದ ದಿನ ಹೆಸರು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಅವನ ವಾಕ್ಯದ ಮೊದಲಕ್ಷರ ಅವನದು, ಉಳಿದದ್ದು ನನ್ನದು. ಇದು ಪ್ರೀತಿ ಎಂದೇ ನಾನು ತಿಳಿದಿದ್ದೆ.

ಕಲ್ಕತ್ತೆಯಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದ ಕಾಲ ಅದು. ಮಲ್ಲುವಿಗೆ ಸಾಲ್ಟ್ ಲೇಕಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಟಾಲಿಗಂಜಿನಲ್ಲಿದ್ದ ಆಗಿನ ನಮ್ಮ ಬಾಡಿಗೆ ಮನೆಗೆ ಬಂದ. ಬಂದ ಮರುದಿನ ಬೆಳಿಗ್ಗೆ ಗಲ್ಲಿಯ ಮಿಠಾಯಿ ಅಂಗಡಿಗೆ ಕರೆದುಕೊಂಡು ಹೋದೆ. ಏನು ಬೇಕೆಂದು ಅಂಗಡಿಯವನು ಕೇಳಿದ. ಮಲ್ಲು "ರ... ರ..." ಎಂದ. "ರಸಗುಲ್ಲಾ, ನಾಲ್ಕು ಕೊಡಿ" ಎಂದೆ ನಾನು. ಅವನು ನಾಲ್ಕನ್ನೂ ತಿಂದ. ಅಂದಿನಿಂದ ಪ್ರತಿ ಭಾನುವಾರ ಅವನಿಗೆ ರಸಗುಲ್ಲಾ ತರುವುದು ನನ್ನ ಪದ್ಧತಿಯಾಯಿತು.

ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಮುಂದಿನ ಮಾತಿಗೆ ಅದು ಬೇಕು. ನಾನು ಸೆಕ್ಷನ್ ಕಂಟ್ರೋಲರ್ ಆಗಿದ್ದೆ. ಒಂದು ಮೇಜು, ಮೇಜಿನ ಮೇಲೆ ಗಾಡಿಗಳ ಓಟ ಗುರುತಿಸುವ ಚಾರ್ಟು, ಬಣ್ಣದ ಪೆನ್ಸಿಲುಗಳು, ಒಂದು ಫೋನು. ಆ ಫೋನಿನ ಒಂದೇ ತಂತಿಯ ಮೇಲೆ ನನ್ನ ವಿಭಾಗದ ಎಲ್ಲ ಸ್ಟೇಷನ್ ಮಾಸ್ತರರೂ ಇರುತ್ತಾರೆ. ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತದೆ. ಕಾಲ ಕೆಳಗಿನ ಪೆಡಲ್ ಒತ್ತಿದರೆ ನನ್ನ ಮಾತು ಹೋಗುತ್ತದೆ, ಬಿಟ್ಟರೆ ಅವರದು ಬರುತ್ತದೆ. ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಗಾಡಿಗೆ ಗಾಡಿ ಗುದ್ದುವುದೊಂದು ಬಾಕಿ. ಆದ್ದರಿಂದ ಒಬ್ಬನ ಮಾತು ಮುಗಿಯುವ ತನಕ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಒಬ್ಬ ಮುದುಕ ಮಾಸ್ತರರು ಕೆಮ್ಮಿ, ಕನ್ನಡಕ ಹುಡುಕಿ, ಗಾಡಿ ನಂಬರು ಓದುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಆದರೂ ಕಾಯುತ್ತಿದ್ದೆ. ಅವರ ವಾಕ್ಯವನ್ನು ನಾನು ಒಮ್ಮೆಯೂ ಮುಗಿಸಿದವನಲ್ಲ. ಊಹೆಯ ಮೇಲೆ ಗಾಡಿ ಬಿಡುವುದುಂಟೇ?

ಮಲ್ಲು ಸಂಬಳದಲ್ಲಿ ಕಂಪ್ಯೂಟರ್ ತಂದ, ಬ್ರಾಡ್‌ಬ್ಯಾಂಡ್ ಹಾಕಿಸಿದ. ಭಾನುವಾರ ಬೆಳಿಗ್ಗೆ ಅವನೂ ಅವನ ಆಫೀಸಿನ ನಾಲ್ವರೂ ತಂತಮ್ಮ ಮನೆಯಿಂದ ಒಂದು ಬಂದೂಕಿನ ಆಟ ಆಡುತ್ತಿದ್ದರು. ಐದು ಜನ ಒಂದು ಊರಿನ ಎರಡು ಜಾಗಗಳನ್ನು ಕಾಯುತ್ತಾರೆ. ಎದುರಿನ ಐವರು ಅಲ್ಲೊಂದು ಕಡೆ ಬಾಂಬ್ ಇಡಲು ಬರುತ್ತಾರೆ. ನನಗೆ ಅರ್ಥವಾದದ್ದು ಇಷ್ಟೇ. ಆಟದ ಜೊತೆಗೆ ಮಾತಾಡಲು ಬೇರೆ ಒಂದು ಸಾಫ್ಟ್‌ವೇರ್ ಇತ್ತು. ಕಿವಿಗೆ ಹೆಡ್‌ಫೋನ್, ಬಾಯಿಯ ಹತ್ತಿರ ಮೈಕು. ಕೀಬೋರ್ಡಿನ ಒಂದು ಗುಂಡಿ ಒತ್ತಿ ಹಿಡಿದರೆ ಮಾತು ಹೋಗುತ್ತದೆ, ಪರದೆಯ ಮೇಲೆ ಒತ್ತಿದವನ ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತದೆ. ನೋಡಿದ ತಕ್ಷಣ ನನಗೆ ಆತ್ಮೀಯರೊಬ್ಬರು ಸಿಕ್ಕಂತಾಯಿತು. ಇದು ನಮ್ಮ ಕಂಟ್ರೋಲ್ ಫೋನೇ!

ಹೆಡ್‌ಫೋನ್ ಕೆಟ್ಟಾಗ ಸ್ಪೀಕರ್ ಹಾಕುತ್ತಿದ್ದ. ಆಗ ಕೇಳಬೇಕಿತ್ತು ಗಲಾಟೆ. "ಪೀಛೆ! ಪೀಛೆ!" "ಕಿಸ್ಕೇ ಪೀಛೆ?" "ಅರೇ ಮರ್ ಗಯಾ!" ಹಿಂದೆ ನೋಡು ಅನ್ನುವವನೊಬ್ಬ, ಯಾರ ಹಿಂದೆ ಅನ್ನುವವನೊಬ್ಬ, ಅಷ್ಟರಲ್ಲಿ ಒಬ್ಬ ಸತ್ತಿರುತ್ತಿದ್ದ. ನನ್ನ ಹೆಂಡತಿ ಶಾಂತಾ ಚಹಾ ತಂದಿಟ್ಟು, "ಇದು ಮನೀನೋ ಗರಿಯಾಹಾಟ್ ಮೀನಿನ ಸಂತೀನೋ?" ಅನ್ನುವಳು. ಎಲ್ಲರಿಗಿಂತ ಜೋರು ಬಾಪಿ. ಮಲ್ಲುವಿಗಿಂತ ಎರಡು ವರ್ಷ ಚಿಕ್ಕವನು, ತಂಡದ ನಾಯಕ, ಒಳ್ಳೆಯ ಹುಡುಗ, ಗಂಟಲು ಮಾತ್ರ ಹಡಗಿನ ಸೀಟಿ. ಆ ಗದ್ದಲದಲ್ಲಿ ಮಲ್ಲುವಿನ ದೀಪ ಉರಿಯುವುದು, ಸದ್ದು ಬರುವ ಮೊದಲೇ ಮೂವರು ಮೇಲೆ ಬೀಳುವುದು, ದೀಪ ಆರುವುದು.

ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಯಾರು ಎಲ್ಲಿಂದ ಬರುತ್ತಾರೆ ಎಂದು ಮೊದಲೇ ಹೇಳಬಲ್ಲವನು, ಹೇಳಲು ಬಿಟ್ಟರೆ. ಸಾಲ್ಟ್ ಲೇಕಿನ ಆಫೀಸುಗಳ ನಡುವೆ ಪಂದ್ಯ ಶುರುವಾಗಿತ್ತು. ಹೇಗೋ ಫೈನಲ್ ತನಕ ಬಂದಿದ್ದರು. ಅದರ ಹಿಂದಿನ ವಾರ ಬಾಪಿ ಹೇಳಿದ, "ಮಲ್ಲುದಾ, ನೀವು ಮಾತಾಡೋದು ಬೇಡ, ಟೈಪ್ ಮಾಡಿ. ಟೈಮ್ ಉಳಿಯುತ್ತೆ." ಬೈಗುಳವಲ್ಲ ಅದು, ದಾ ಅಂದರೆ ಅಣ್ಣ, ಮರ್ಯಾದೆಯ ಮಾತೇ. ಮಲ್ಲು ಟೈಪ್ ಮಾಡಿದ. ಎರಡೂ ಕೈ ಅಕ್ಷರದ ಮೇಲೆ ಇದ್ದಾಗ ಬಂದೂಕು ಹಿಡಿಯುವವರು ಯಾರು? ಪ್ರತಿ ಸಲ ಅವನೇ ಮೊದಲು ಸತ್ತ. ಕಂಪ್ಯೂಟರ್ ಆರಿಸಿ ಎದ್ದುಬಿಟ್ಟ.

ನನಗೆ ತಡೆಯಲಾಗಲಿಲ್ಲ. ಶನಿವಾರ ಸಂಜೆ ಅಭ್ಯಾಸಕ್ಕೆ ಎಲ್ಲರೂ ಸೇರಿದ್ದರು, ಮಲ್ಲು ತರಕಾರಿಗೆ ಹೋಗಿದ್ದ. ನಾನು ಹೆಡ್‌ಫೋನ್ ಏರಿಸಿ, "ಹಲೋ, ಮಲ್ಲಿಕಾರ್ಜುನನ ಅಣ್ಣ ಮಾತಾಡ್ತಿರೋದು" ಎಂದು ಹಿಂದಿಯಲ್ಲಿ ಮೂರು ಸಲ ಹೇಳಿದೆ. ಯಾರೂ ಉತ್ತರಿಸಲಿಲ್ಲ. ಆಗ ಗೊತ್ತಾಯಿತು, ಇಷ್ಟು ಹೊತ್ತೂ ನಾನು ಕಾಲಿನಿಂದ ಮೇಜಿನ ಕೆಳಗೆ ಪೆಡಲ್ ಹುಡುಕುತ್ತಿದ್ದೆ. ಗುಂಡಿ ಒತ್ತಿದೆ. "ನಮಸ್ಕಾರ್ ದಾದಾ!" ಎಂದ ಬಾಪಿ. ಹತ್ತು ನಿಮಿಷ ಭಾಷಣ ಮಾಡಿದೆ. ನನ್ನ ತಮ್ಮನಿಗೆ ಮಾತಾಡಲು ಬಿಡಿ, ಅವನಿಗೆ ಹೀಗೆ ಅನ್ನಿಸುತ್ತದೆ, ಹಾಗೆ ಅನ್ನಿಸುತ್ತದೆ. "ಜೀ ದಾದಾ, ಜೀ ದಾದಾ" ಎಂದು ನಾಲ್ವರೂ ಕೇಳಿದರು.

ತಿರುಗಿ ನೋಡಿದರೆ ಮಲ್ಲು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಚೀಲ.

"ಅ... ಅಣ್ಣಾ" ಎಂದ. ಬಹಳ ಹೊತ್ತು ತೆಗೆದುಕೊಂಡ. "ಇ... ಇವತ್ತೂ ನನ್ನ ಮಾತು ನೀನ ಆಡಿ ಮುಗಿಸಿದಿ."

"ಅಲ್ಲೋ, ನಿನ್ನ ಸಲುವಾಗೇ..."

"ಆ ಮಿಠಾಯಿ ಅಂಗಡ್ಯಾಗ ನ... ನನಗ ಬೇಕಿದ್ದು ರ... ರಾಧಾಬಲ್ಲಭಿ. ಬಿಸಿ ಪೂರಿ, ಪಲ್ಯ. ಎ... ಎರಡು ವರ್ಷದಿಂದ ರಸಗುಲ್ಲಾ ತಿನಿಸಾಕತ್ತಿ."

ನಗಬೇಕೋ ಅಳಬೇಕೋ ತಿಳಿಯದೆ ಕುರ್ಚಿ ಬಿಟ್ಟು ಎದ್ದೆ. ಊರೂರಿನ ಸ್ಟೇಷನ್ ಮಾಸ್ತರರಿಗೆಲ್ಲ ಕಾದವನು ಮನೆಗೆ ಬಂದು ತಮ್ಮನಿಗೆ ಕಾದಿರಲಿಲ್ಲ. ಎರಡು ವರ್ಷ ಊಹೆಯ ಮೇಲೇ ಗಾಡಿ ಬಿಟ್ಟಿದ್ದೆ. ಎರಡು ವರ್ಷ ಯಾಕೆ, ಅವನು ಹುಟ್ಟಿದಾಗಿನಿಂದ.

ಮಲ್ಲು ನನ್ನನ್ನು ಹೊರಗೆ ಕಳಿಸಲಿಲ್ಲ. "ಇಲ್ಲೇ ಕೂಡು. ಬಾಯಿ ಮು... ಮುಚ್ಕೊಂಡು" ಎಂದ. ಹೆಡ್‌ಫೋನಿನ ಬದಲು ಸ್ಪೀಕರ್ ಹಾಕಿದ. ನಮ್ಮ ಕಂಟ್ರೋಲ್ ಲೈನಿನ ಪದ್ಧತಿ ಅವನಿಗೆ ಗೊತ್ತಿತ್ತು, ಊಟದ ಹೊತ್ತಿಗೆ ನಾನು ಕೊರೆದದ್ದೇ. ಅದನ್ನು ತನ್ನದೇ ರೀತಿಯಲ್ಲಿ ತಿದ್ದಿ ಅವರಿಗೆ ಹೇಳಿದ. ಕಾಯುವ ಎರಡು ಜಾಗಕ್ಕೆ ನನ್ನ ಸೆಕ್ಷನ್ನಿನ ಎರಡು ಸ್ಟೇಷನ್ನುಗಳ ಹೆಸರು, ಮೆಚೇದಾ ಮತ್ತು ಉಲುಬೇರಿಯಾ. ಕಂಡದ್ದನ್ನು ನಾಲ್ಕೇ ಶಬ್ದದಲ್ಲಿ ಹೇಳಿ ಗುಂಡಿ ಬಿಡಬೇಕು. ಒಬ್ಬನ ದೀಪ ಉರಿಯುತ್ತಿದ್ದರೆ, ಸದ್ದು ಬರಲಿ ಬಿಡಲಿ, ಆ ದೀಪ ಆರುವ ತನಕ ಇನ್ನೊಬ್ಬ ಗುಂಡಿ ಮುಟ್ಟಬಾರದು. ಇಷ್ಟು ಹೇಳಲು ಅವನಿಗೆ ಕಾಲು ಗಂಟೆ ಹಿಡಿಯಿತು. ನಾನು ಟವೆಲ್ಲಿನ ಅಂಚು ಕಚ್ಚಿಕೊಂಡು ಕೂತಿದ್ದೆ.

"ಗೋಲಿ ಚಲ್ ರಹೀ ಹೈ ಮಲ್ಲುದಾ, ತಬ್ ಭೀ ರುಕೇಂ?" ಎಂದ ಬಾಪಿ, ಗುಂಡು ಹಾರುತ್ತಿದ್ದರೂ ಕಾಯಬೇಕೇ ಎಂದು.

"ರು... ರುಕೋ."

"ಔರ್ ಮರ್ ಗಯೇ ತೋ?"

"ತೋ... ಚು... ಚುಪ್‌ಚಾಪ್ ಮರೋ."

ಸತ್ತರೆ ಸದ್ದಿಲ್ಲದೆ ಸಾಯಬೇಕಂತೆ! ಐದೂ ದೀಪ ಒಟ್ಟಿಗೆ ಉರಿದವು, ಎಲ್ಲರೂ ನಕ್ಕರು. ಬಾಪಿ ಒಪ್ಪಿದ. ನಾಳೆಯ ಫೈನಲ್ ಮಲ್ಲುವಿನ ಮಾತಿನ ಮೇಲೆ. ಸೋತರೆ ಮಲ್ಲು ಮತ್ತೆ ಟೈಪ್ ಮಾಡುವುದು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಟ. ನಾನು ಪಕ್ಕದ ಸ್ಟೂಲಿನ ಮೇಲೆ. ಎದುರಿನವರು ನುರಿತವರು. ಸಮ ಸಮ ಹೋಗಿ ಕೊನೆಯ ಸುತ್ತಿಗೆ ಬಂತು. ಮಲ್ಲುವಿನವರು ಕಾಯುವ ಸರದಿ. ಮೆಚೇದಾದ ಕಡೆಯಿಂದ ಹೊಗೆ ಎದ್ದಿತು, ಗುಂಡಿನ ಸದ್ದು ಒಂದರ ಮೇಲೊಂದು. ಆಟ ಬಾರದ ನನಗೂ ಗೊತ್ತಾಯಿತು, ಎಲ್ಲರೂ ಮೆಚೇದಾಕ್ಕೆ ಓಡಬೇಕು. ಮಲ್ಲು ಗುಂಡಿ ಒತ್ತಿದ. ದೀಪ ಉರಿಯಿತು. ಬಾಯಿ ತೆರೆದ, ತುಟಿ ನಡುಗಿತು, ಸದ್ದೇ ಬರಲಿಲ್ಲ.

ಸ್ಪೀಕರಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಬಾಪಿಯೂ. ಗುಂಡು ಹಾರುತ್ತಲೇ ಇತ್ತು. ನಾಲ್ಕು ಸೆಕೆಂಡೋ ಐದೋ. ಕಂಟ್ರೋಲ್ ಮೇಜಿನ ಎದುರು ಅಷ್ಟು ಉದ್ದದ ಕ್ಷಣ ನಾನು ಕಂಡಿಲ್ಲ. "ಮೆಚೇದಾ" ಎಂಬ ಶಬ್ದ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಮೈಕು ಒಂದು ಗೇಣು ದೂರ. ಟವೆಲ್ಲು ಬಾಯಿಗೆ ತುರುಕಿಕೊಂಡೆ.

"ಉ... ಉಲುಬೇರಿಯಾ" ಎಂದ ಮಲ್ಲು. "ಸಬ್ ಉಲುಬೇರಿಯಾ."

ಯಾಕೆ ಎಂದು ಯಾರೂ ಕೇಳಲಿಲ್ಲ. ನಾಲ್ವರೂ ಓಡಿದರು. ಬಾಂಬ್ ಹಿಡಿದ ನಾಲ್ಕು ಜನ ಸದ್ದಿಲ್ಲದೆ ಉಲುಬೇರಿಯಾದ ಬಾಗಿಲಿಗೆ ಬಂದಿದ್ದರು. ಮೆಚೇದಾದಲ್ಲಿ ಒಬ್ಬನೇ ಒಬ್ಬ ಹೊಗೆ ಎಬ್ಬಿಸಿ ಗುಂಡು ಹಾರಿಸುತ್ತಿದ್ದ. ಒಂದೇ ಬಂದೂಕಿನ ಸದ್ದು ಅದೆಂದು ಮಲ್ಲು ಕಿವಿಯಿಂದಲೇ ಹಿಡಿದಿದ್ದ. ಹತ್ತು ಸೆಕೆಂಡಿನಲ್ಲಿ ಆಟ ಮುಗಿಯಿತು. ನಾನು ಅವನ ಮಾತು ಮುಗಿಸಿದ್ದರೆ ಸೋಲುತ್ತಿದ್ದರು!

ಬಾಪಿ ಕೂಗಿದ ಕೂಗಿಗೆ ಸ್ಪೀಕರ್ ಹರಿಯಿತೇನೋ ಅನ್ನಿಸಿತು. ನಾನು ಸ್ಟೂಲಿನ ಮೇಲೆ ನಿಂತು ಕುಣಿದೆನೆಂದು ಶಾಂತಾ ಇವತ್ತಿಗೂ ಹೇಳುತ್ತಾಳೆ. ಇರಬಹುದು. ಆಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಏನು ಬೇಕೆಂದು ಅಂಗಡಿಯವನು ಕೇಳಿದ. ನಾನು ಬೀದಿಯ ಕಡೆ ಮುಖ ಮಾಡಿ ನಿಂತೆ. ಮಲ್ಲು ರಾಧಾಬಲ್ಲಭಿ ಎಂದು ಪೂರ್ತಿ ಹೇಳಿದ. ಆರು ತಿಂದ.

ಮಾರನೇ ವಾರ ಆಫೀಸಿನ ಮೀಟಿಂಗಿನಲ್ಲಿ ದೊಡ್ಡ ಸಾಹೇಬರೊಬ್ಬರು ಮಲ್ಲುವಿನ ಮಾತನ್ನು ಅರ್ಧಕ್ಕೆ ಹಿಡಿದು ತಾವೇ ಮುಗಿಸಲು ಹೋದರಂತೆ. ಬಾಪಿ ಮೆಲ್ಲಗೆ, "ಸರ್, ಬತ್ತಿ ಜಲ್ ರಹೀ ಹೈ" ಎಂದನಂತೆ. ದೀಪ ಉರಿಯುತ್ತಿದೆ ಎಂದರೆ ಏನು ಅಂತ ಅವರಿಗೆ ತಿಳಿಯಲಿಲ್ಲ, ಆದರೆ ಸುಮ್ಮನಾದರು. ಅದು ಆ ಆಫೀಸಿನ ನುಡಿಯೇ ಆಗಿಹೋಯಿತು. ಮಲ್ಲು ಮುಂದೆ ನಲವತ್ತು ಜನರ ತಂಡ ನಡೆಸಿದ. ತೊದಲು ಎಂದೂ ಹೋಗಲಿಲ್ಲ. ಮದುವೆಯಾಗಿ ಬಂದ ಸುಮಾ ಮೊದಲ ವಾರದಲ್ಲೇ ಕಾಯುವುದನ್ನು ಕಲಿತಳು, ನಮ್ಮ ಮನೆಗೆ ಬರುವ ನೆಂಟರೂ ಕಲಿತರು. ಈಗಿನ ಸಾಫ್ಟ್‌ವೇರುಗಳಲ್ಲಿ ಗುಂಡಿ ಒತ್ತುವ ಕಷ್ಟ ಇಲ್ಲ, ಮಾತಾಡಿದರೆ ತಾನೇ ಹೋಗುತ್ತದೆ ಎಂದು ತುಲಿ ತೋರಿಸಿದಳು. ಅನುಕೂಲವೇನೋ ಸರಿ. ಆದರೆ ಸದ್ದು ಬಂದರೆ ಮಾತ್ರ ದೀಪ ಉರಿಯುತ್ತದೆ. ಮಾತು ಬರುವ ಮುಂಚಿನ ಹೊತ್ತಿಗೆ ಅದರಲ್ಲಿ ಗುರುತಿಲ್ಲ.

ಇಷ್ಟು ಬರೆಯುವಾಗ ತುಲಿ ನೀರು ಕುಡಿಯಲು ಬಂದಳು. ಏನು ಬರೆಯುತ್ತಿದ್ದೀರಿ ಎಂದಳು. ಎಲ್ಲವನ್ನೂ ಹೇಳಿದೆ. ಚುಪ್‌ಚಾಪ್ ಮರೋ ಎಂದಾಗ ನೀರು ನೆತ್ತಿಗೇರುವಂತೆ ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿ ನಿಂತಳು.

"ಒಂದ್ ಮಿನಿಟ್ ಜೇಠು. ಯಾರಿಗೆ ಮಾತಾಡೋಕೆ ಪ್ರಾಬ್ಲಮ್ ಇತ್ತು?"

"ನಿಮ್ಮಪ್ಪಗ."

"ಅಪ್ಪಂಗಾ?" ಅವಳಿಗೆ ನಿಜಕ್ಕೂ ಆಶ್ಚರ್ಯ. "ಇಲ್ಲಪ್ಪ. ಅಪ್ಪ ಸೋಚ್‌ಕೇ ಬೋಲ್ತೇ ಥೇ. ಫಸ್ಟ್ ಯೋಚನೆ ಮಾಡ್ತಿದ್ರು, ಆಮೇಲೆ ಹೇಳ್ತಿದ್ರು. ಬಸ್."

ಅವನು ಹುಟ್ಟಿದಾಗಿನಿಂದ ಬಲ್ಲವನು ನಾನು ಎಂದು ವಾದಿಸಲು ಬಾಯಿ ತೆರೆದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ, ಯಾವುದೋ ಕನ್ನಡ ಶಬ್ದ ಹುಡುಕುತ್ತಿದ್ದಳು. ಕಾದೆ.

"ನಾವೇ ಎಲ್ಲಾ... ಅವಸರ" ಎಂದು ಹೇಳಿ ಒಳಗೆ ಹೋದಳು.

ಮೇಲೆ ಎಷ್ಟೋ ಕಡೆ ನನ್ನ ತಮ್ಮ ತೊದಲಿದ ಎಂದು ಬರೆದಿದ್ದೇನೆ. ಹೊಡೆದುಹಾಕಲು ಪೆನ್ನು ಎತ್ತಿದೆ, ಹಾಳೆಯೆಲ್ಲ ಗೀಚಾಗುತ್ತದೆಂದು ಬಿಟ್ಟೆ. ನೀವು ಓದುವಾಗ ದಯವಿಟ್ಟು ಅಲ್ಲೆಲ್ಲ 'ಯೋಚಿಸಿ ಹೇಳಿದ' ಎಂದು ತಿದ್ದಿಕೊಳ್ಳಿ.