ಹೆಸರು ಹೇಳಿ ಮಾಡಿದ ಪ್ರಾರ್ಥನೆ

ಪ್ರಾರ್ಥನೆ ಮಾಡಿ ಒಂದು ಸಂಸಾರಕ್ಕೆ ಹುಳಿ ಹಿಂಡಿದವರನ್ನು ನೋಡಿದ್ದೀರಾ? ಹಿಂಡಿದವಳು ನಾನೇ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳು ಶುರುವಾದರೆ ನಮ್ಮ ವಾಡಿ ಊರಿನ ಹೆಂಗಸರದು ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಕೂಟ. ಅವತ್ತು ನಮ್ಮ ಮನೆಯ ಪಾಳಿ. ಹಾಡು ಮುಗಿದ ಮೇಲೆ, ಯಾರಿಗಾಗಿ ಬೇಡಬೇಕೋ ಅವರ ಹೆಸರು ಹೇಳಿ ಬೇಡುವುದು ರೂಢಿ.

ಪಕ್ಕದ ಓಣಿಯ ರೂತಕ್ಕನ ಮಗಳು ಗ್ರೇಸಿ ಗಂಡನೊಂದಿಗೆ ಜಗಳಾಡಿ ಶಹಾಬಾದಿನಿಂದ ತವರಿಗೆ ಬಂದಿದ್ದಳು. ರೂತಕ್ಕ ನನಗೊಬ್ಬಳಿಗೇ ಹೇಳಿದ್ದರು. (ಅವತ್ತು ಅವರು ಕೂಟಕ್ಕೆ ಬಂದಿರಲಿಲ್ಲ.)

"ಕರ್ತನೇ, ನಮ್ಮ ಗ್ರೇಸಿಯ ಸಂಸಾರ ನೋಡು" ಅಂದೆ. "ಹೂಂ ಕರ್ತನೇ" ಅಂದರು ಎಲ್ಲರೂ. ಹಾಡಿನ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದವರ ಸದ್ದು ನಿಂತಿತು. ನನ್ನ ದನಿಗೆ ಹುರುಪು ಬಂತು. ಗಂಡನ ಕುಡಿತ, ಅತ್ತೆಯ ಕೊಂಕು, ಎಲ್ಲವನ್ನೂ ದೇವರಿಗೆ ತಿಳಿಸಿದೆ. ಕಣ್ಣೀರೂ ಬಂತು. (ನಿಜವಾದದ್ದೇ.)

ಶಹಾಬಾದ್ ಏನು ದೂರವೇ? ಭಾನುವಾರದ ಹೊತ್ತಿಗೆ ಮಾತು ಅಲ್ಲಿನ ಬೀಗರ ಮನೆ ಮುಟ್ಟಿತ್ತು. ದಿನಾ ಸಂಜೆ ಫೋನ್ ಮಾಡಿ ಗ್ರೇಸಿಯನ್ನು ಸಮಾಧಾನ ಮಾಡುತ್ತಿದ್ದ ಅಳಿಯ ಫೋನನ್ನೇ ನಿಲ್ಲಿಸಿದ.

ಮೊದಲು ದೇವರ ಹತ್ತಿರ ಕ್ಷಮೆ ಕೇಳಿದೆ. ಅದು ಸುಲಭ. ಆತ ಎದುರುತ್ತರ ಕೊಡುವುದಿಲ್ಲ. ಆಮೇಲೆ ರೂತಕ್ಕನ ಮನೆಗೆ ಹೋದೆ.

"ಅಕ್ಕಾ, ನಿಮಗ ಬ್ಯಾಸರ ಆಗಿದ್ರ ಕ್ಷಮಾ ಮಾಡ್ರಿ. ನಿಮ್ಮ ಒಳ್ಳೇದಕ್ಕೇ..."

ರೂತಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಆಗಿದ್ರ ಅಂತೀಯಲ್ಲ. ಆಗ್ಯಾದೋ ಇಲ್ಲೋ ನೋಡ್ಲಿಕ್ಕಿ ಬಂದೀಯೇನು?"

ಗ್ರೇಸಿ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. "ಆಂಟಿ, ದೇವರಿಗಿ ನಮ್ಮನಿ ಸುದ್ದಿ ಗೊತ್ತಿರಲಿಲ್ಲೇನ್ರಿ? ಮತ್ತ ಅಷ್ಟು ಬಿಡಿಸಿ ಬಿಡಿಸಿ ಯಾರಿಗಿ ಹೇಳ್ಲಿಕತ್ತಿದ್ರಿ?"

ಯಾರಿಗೆ? ವಾಪಸ್ ಬರುವ ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡೆ. ಮಲಗುವ ಮುಂಚೆ ಆವತ್ತಿನ ತಪ್ಪುಗಳನ್ನು ನೆನಪು ಮಾಡಿಕೊಳ್ಳಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಸಿಡುಕಿದ್ದು, ಸಣ್ಣ ಸುಳ್ಳು ಹೇಳಿದ್ದು, ಎಲ್ಲ ನೆನಪಾಗುತ್ತಿತ್ತು. ಪ್ರಾರ್ಥನೆಯನ್ನು ಮಾತ್ರ ಎಂದೂ ಪರೀಕ್ಷೆ ಮಾಡಿರಲಿಲ್ಲ. ಒಳ್ಳೆಯದು ಅಂತ ಎತ್ತಿಟ್ಟಿದ್ದನ್ನು ಯಾರು ತಿರುವಿ ನೋಡುತ್ತಾರೆ? ತಿರುವಿದರೆ ಕಂಡದ್ದು ಇಷ್ಟೇ: ಎಲ್ಲರೂ ಗಾಳಿ ಹಾಕಿಕೊಳ್ಳುವ ಕೈ ನಿಲ್ಲಿಸಿ ನನ್ನ ಮಾತು ಕೇಳತೊಡಗಿದಾಗ ನನಗೆ ಖುಷಿಯಾಗಿತ್ತು.

ಮುಂದಿನ ಶುಕ್ರವಾರ ಕೂಟದಲ್ಲಿ ಕಣ್ಣು ತೆರೆದೇ ಹೇಳಿದೆ. "ಹೋದ ವಾರ ನಾ ಮಾಡಿದ್ದು ಪ್ರಾರ್ಥನಾ ಅಲ್ಲ. ನಂಬಿ ಹೇಳಿದ್ದು ಹೊರಗ ಹಾಕೀನಿ. ಮಾತು ನಮ್ಮ ಕೂಟದಿಂದೇ ಶಹಾಬಾದಿಗಿ ಹೋಗ್ಯಾದ."

ಉತ್ತರಕ್ಕೆ ತಡವಾಗಲೇ ಇಲ್ಲ.

"ಬಿಡ್ರಿ ಅಕ್ಕಾ, ನೀವು ಪ್ರಾರ್ಥನಾನೇ ಮಾಡೀರಿ."

"ಮನಸಿಗಿ ಭಾಳ ಹಚ್ಕೋಬ್ಯಾಡ್ರಿ."

"ಚಹಾ ಆರ್ಲಿಕತ್ತದ, ತಗೋರಿ."

ಅಳಿಯನ ಫೋನ್ ಇನ್ನೂ ಬಂದಿಲ್ಲ. ರೂತಕ್ಕ ನನ್ನೊಂದಿಗೆ ಮಾತಾಡುತ್ತಿಲ್ಲ. ಆ ಕೋಣೆಯಲ್ಲಿ ಕೂತವರು ಮಾತ್ರ ಕೂತಲ್ಲೇ ನನ್ನನ್ನು ಕ್ಷಮಿಸಿಬಿಟ್ಟರು.

ಅವರಿಗೇಕೆ ಅಷ್ಟು ಅವಸರ?