ಬೀಯಮ್ಮ ಕೊಂಡ ಮಗು

ಕಲ್ಲಡ್ಕದ ಕಾಂತಿಯ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ನಾನು, ಶಶಿಪ್ರಭಾ, ಆಗ ಬಂಟ್ವಾಳದ ಕಡೆ ಹೆರಿಗೆಯ ನರ್ಸ್. ಮನೆಮನೆಗೆ ನಡೆದು ಹೋಗಿ ಎಳೆಮಕ್ಕಳನ್ನು ತೂಗುವುದೂ ನನ್ನ ಕೆಲಸವೇ. ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಅವಳ ಗಂಡುಮಗುವನ್ನು ತೂಗಿದೆ. ಹತ್ತು ತಿಂಗಳ ಮಗುವಿಗೆ ನಾಲ್ಕು ತಿಂಗಳಿನದರ ತೂಕ. ಕೂರಲು ಬಾರದು, ಕುತ್ತಿಗೆಯೂ ಸರಿಯಾಗಿ ನಿಲ್ಲದು. ಅಳುವುದಂತೂ ಇಲ್ಲವೇ ಇಲ್ಲ. ರಸ್ತೆಯಲ್ಲಿ ಲಾರಿ ಹಾರನ್ ಹೊಡೆದರೆ ಮಾತ್ರ ಮೈಯೆಲ್ಲ ನಡುಗಿ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಕಾಂತಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

“ಹಾಲು ಕೊಡ್ತೀಯಾ?” ಎಂದೆ.

“ಹೊತ್ತುಹೊತ್ತಿಗೆ ಕೊಡ್ತೇನೆ ಅಮ್ಮ.”

“ಎತ್ತಿಕೊಳ್ತೀಯಾ?”

“ಅದು ನನ್ನ ಮಗು ಅಲ್ಲ. ಬೀಯಮ್ಮನದ್ದು.”

ಬಾಯಿಗೆ ಬಂದಂತೆ ಬೈದೆ. ಕಲ್ಲುಮನಸ್ಸಿನವಳು ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳ ಗಂಡ ಚನಿಯಪ್ಪ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಅವನು ನನ್ನನ್ನು ಅಂಗಳದಾಚೆ ಕರೆದು ವಿಷಯ ಹೇಳಿದ. ಮೊದಲ ಎರಡು ಮಕ್ಕಳು ಮೂರು ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಕಾಂತಿ ಸರಿಯಾಗಿ ಉಂಡದ್ದಿಲ್ಲ, ನಿದ್ದೆ ಮಾಡಿದ್ದಿಲ್ಲ. ಹುಟ್ಟಿದ ದಿನವೇ ಹಿರಿಯರು ಹೇಳಿದಂತೆ ಮಗುವನ್ನು ಗೆರಸೆಯಲ್ಲಿ, ಅಂದರೆ ಮೊರದಲ್ಲಿ, ಮಲಗಿಸಿ, ನೆರೆಮನೆಯ ಬೀಯಮ್ಮನಿಗೆ ಒಂದು ಸೇರು ತೌಡಿಗೆ ಮಾರಿದರು. ಕೊಂಡವಳು ‘ನನ್ನ ಮಗುವನ್ನು ನೀನೇ ಸಾಕು’ ಎಂದು ತಾಯಿಯ ಕೈಗೇ ಒಪ್ಪಿಸುವುದು ಕ್ರಮ. ಬೇರೆಯವರ ಮಗು ಎಂದು ಸಾವು ಮೋಸಹೋಗಬೇಕು, ಅಷ್ಟೆ. ಉಳಿದ ಮನೆಗಳಲ್ಲಿ ಇದು ಬಾಯಿಮಾತು, ಮರುದಿನವೇ ತಾಯಿ ಮಗುವನ್ನು ಮುದ್ದಾಡುತ್ತಾಳೆ. ಕಾಂತಿ ಅದನ್ನು ನಿಜ ಮಾಡಿಕೊಂಡಳು. ಹೆಸರಿಡಲಿಲ್ಲ, ಮುಖ ನೋಡಿ ನಗಲಿಲ್ಲ. ಹಾಲು ಕುಡಿಸಿ ಚಾಪೆಯ ಮೇಲೆ ಇಟ್ಟುಬಿಡುತ್ತಿದ್ದಳು.

ಮಂಗಳೂರಿನ ಡಾಕ್ಟರೊಬ್ಬರನ್ನು ಕೇಳಿದೆ. ಬಸುರಿಯ ಹೆದರಿಕೆ ರಕ್ತದ ಮೂಲಕ ಹೊಟ್ಟೆಯ ಮಗುವಿಗೂ ಮುಟ್ಟುತ್ತದೆ. ಹುಟ್ಟಿದ ಮೇಲೂ ಯಾರೂ ಎತ್ತಿ ಮಾತಾಡಿಸದಿದ್ದರೆ ಆ ಹೆದರಿಕೆ ಇಳಿಯುವುದಿಲ್ಲ, ಕುಡಿದ ಹಾಲು ಮೈಗೆ ಹತ್ತುವುದಿಲ್ಲ, ಮಿದುಳು ಬೆಳೆಯುವುದಿಲ್ಲ ಎಂದರು. ಹೀಗೇ ಬಿಟ್ಟರೆ ಮಗು ಉಳಿಯುವುದು ಕಷ್ಟ ಎಂದೂ ಹೇಳಿದರು. ಕಾಂತಿಗೆ ಹೇಳಿ ಉಪಯೋಗವಿರಲಿಲ್ಲ. ಬೀಯಮ್ಮನಿಗೆ ಹೇಳಿದೆ.

ಬೀಯಮ್ಮ ನೆಟ್ಟಗೆ ಬಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. “ನನ್ನ ಮಗುವನ್ನು ನೀನು ನೋಡ್ಲಿಲ್ಲ ಕಾಂತಿ. ನಾನು ಕೊಂಡುಹೋಗ್ತೇನೆ” ಎಂದು ಹೊರಟೇಬಿಟ್ಟಳು.

ಕಾಂತಿ ಬೀಡಿ ಎಲೆ ಚೆಲ್ಲಿಕೊಂಡು ಓಡಿದಳು. ಬೇಲಿಯ ಬಳಿ ಅಡ್ಡ ನಿಂತಳು. “ಕೊಡಿ. ಅದು ನನ್ನ ಮಗು.” ಹತ್ತು ತಿಂಗಳು ಹಲ್ಲುಕಚ್ಚಿ ಹಿಡಿದ ಮಾತು ಬಾಯಿಂದ ಬಿದ್ದದ್ದೇ ನೆಲಕ್ಕೆ ಕುಸಿದು ಅತ್ತಳು. ಸಾವಿನ ಕಿವಿಗೆ ಬಿತ್ತು, ಇನ್ನು ಇದೂ ಹೋಯಿತು ಎಂದೇ ಅವಳು ತಿಳಿದಿದ್ದಳು.

ಮಗು ಹೋಗಲಿಲ್ಲ. ಹಾಗೆಂದು ಕಥೆಗಳಲ್ಲಿ ಆಗುವಂತೆ ಅಮ್ಮನನ್ನು ಅಪ್ಪಿಕೊಳ್ಳಲೂ ಇಲ್ಲ. ಅವಳು ಎದೆಗೊತ್ತಿಕೊಂಡರೆ ಮೈ ಸೆಟೆಸಿ ಮುಖ ತಿರುಗಿಸುತ್ತಿತ್ತು. ಆ ಬಿಗಿ ಸಡಿಲವಾಗಲು ಒಂದು ಮಳೆಗಾಲ ಹಿಡಿಯಿತು. ಶೇಖರ ಎಂದು ಹೆಸರಿಟ್ಟರು. ಅವನು ನಡೆದದ್ದು ಮೂರನೇ ವರ್ಷಕ್ಕೆ. ಶಾಲೆಯಲ್ಲಿ ಮಾಸ್ತರರು ಸ್ವಲ್ಪ ದನಿ ಏರಿಸಿದರೂ ಕಲಿತದ್ದೆಲ್ಲ ಮರೆತು ನಡುಗುತ್ತಿದ್ದ. ಅವರು ಅವನನ್ನು ದಡ್ಡ ಅಂದರು. ಅವರ ಮೇಲೂ ನನಗೆ ಸಿಟ್ಟು ಬಂದಿತ್ತು.

ಅರವತ್ತಾರರಲ್ಲಿ ಕಾಂತಿಗೆ ಹೆಣ್ಣುಮಗು ಹುಟ್ಟಿತು. ಈ ಸಲ ಯಾರಿಗೂ ಮಾರಲಿಲ್ಲ. ತೂಗಲು ಹೋದಾಗ ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೆನ್ನೆಗೆ ಮುತ್ತು ಕೊಡುತ್ತಿದ್ದಳು. ಶೇಖರ ಬಾಗಿಲಿಗೆ ಒರಗಿ ನೋಡುತ್ತಿದ್ದ.

“ನನ್ನನ್ನೂ ಹೀಗೇ ಮಾಡ್ತಿದ್ದೆಯಾ ಅಮ್ಮ?”

ಹೌದು ಎನ್ನಲು ನಾನು ಬಾಯಿ ತೆರೆದಿದ್ದೆ. ಕಾಂತಿ ಬಿಡಲಿಲ್ಲ.

“ಇಲ್ಲ ಮಗಾ. ಹತ್ತು ತಿಂಗಳು ಕೆಳಗೇ ಇಟ್ಟಿದ್ದೆ. ನೀನೂ ಹೋಗ್ತೀ ಅಂತ ಹೆದರಿಕೆ.”

ಅವನು ಹತ್ತಿರ ಬಂದು ಕೂತು ಹೇಳಿದ, “ತಂಗಿಯನ್ನು ಕೆಳಗೆ ಇಡಬೇಡ ಅಮ್ಮ. ನಿನಗೆ ಕೆಲಸ ಇದ್ದಾಗ ನಾನು ಎತ್ತಿಕೊಳ್ತೇನೆ.”